ಗಲ್ಲದ ಮೇಲಿನ ಕೆಂಚು ಕೂದಲು: ಯಾವುದನ್ನು ಹೇಗೆ ತೆಗೆಯಬೇಕು

ಲಗ್ನದ ಸೀಜನ್ ಬಂತೆಂದರೆ ನನ್ನ ಪಾರ್ಲರಿನಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ: "ಅಕ್ಕಾರ, ಲೇಸರ್ ಮಾಡಿಸಿದ್ರ ಈ ಸಣ್ಣ ಕೂದಲಾ ಪೂರಾ ಹೊಕ್ಕಾವಲ್ರಿ?"

ಹೋದ ವರ್ಷ ಹಾವೇರಿ ಕಡೆಯ ಹುಡುಗಿಯೊಬ್ಬಳು ಆರು ಸಿಟಿಂಗಿನ ದುಡ್ಡನ್ನು ಮೊದಲೇ ಕಟ್ಟಿ, ನಾಲ್ಕು ಮುಗಿಸಿಕೊಂಡು ನನ್ನ ಹತ್ತಿರ ಬಂದಳು. ಕಿಟಕಿಯ ಪಕ್ಕ ಕೂಡ್ರಿಸಿ ಮಾರಿ ಹೊರಳಿಸಿದರೆ ಗಲ್ಲದ ಮೇಲೆ ಗೋಧಿ ಬಣ್ಣದ ನವಿರು ಇದ್ದ ಹಾಗೇ ಇತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಮಷೀನಿನಲ್ಲಿ ದೋಷವಿರಲಿಲ್ಲ, ಆಕೆಯ ಚರ್ಮದಲ್ಲೂ ಇರಲಿಲ್ಲ. ಆ ಬಣ್ಣದ ಕೂದಲು ಆ ಮಷೀನಿಗೆ ಕಾಣುವುದೇ ಇಲ್ಲ. ಮೊದಲ ದಿನ ರಸೀದಿ ಬರೆಯುವ ಮುಂಚೆ ಹೇಳಬೇಕಾದ ಮಾತು ಅದು, ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಶುರುವಿಗೆ ಒಂದು ಸಣ್ಣ ತಿದ್ದುಪಡಿ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಗಲ್ಲ ಅಂದರೆ ಕೆನ್ನೆ. ಬೆಂಗಳೂರು-ಮೈಸೂರಿನವರು ಗಲ್ಲ ಅನ್ನುವ ಜಾಗಕ್ಕೆ ನಾವು ಗದ್ದ ಅನ್ನುತ್ತೇವೆ. ಆ ಕಡೆಯ ಓದುಗರು ತಪ್ಪು ಜಾಗಕ್ಕೆ ಬ್ಲೇಡ್ ಹಚ್ಚಬೇಡಿ.

ಮೊದಲು ಕೂದಲನ್ನು ಗುರುತಿಸಿ

ಬಚ್ಚಲಮನೆಯ ಟ್ಯೂಬ್‌ಲೈಟಿನಲ್ಲಿ ನೋಡಿ ಏನೂ ತೀರ್ಮಾನ ಮಾಡಬೇಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿಗೆ ಓರೆಯಾಗಿ ಕೂತು, ಕೈಗನ್ನಡಿ ಹಿಡಿದು ನೋಡಿ. ಚಿಮಟಿಗೆಯಿಂದ ಒಂದು ಕೂದಲು ಕಿತ್ತು ಕಪ್ಪು ಬಟ್ಟೆಯ ಮೇಲೊಮ್ಮೆ, ಬಿಳಿ ಹಾಳೆಯ ಮೇಲೊಮ್ಮೆ ಇಡಿ. ಕಪ್ಪು ಬಟ್ಟೆಯ ಮೇಲೆ ಎದ್ದು ಕಂಡು ಬಿಳಿ ಹಾಳೆಯ ಮೇಲೆ ಮಾಯವಾದರೆ ಅದು ತಿಳಿ ಬಣ್ಣದ ಕೂದಲು.

ಇದರಲ್ಲೂ ಜಾತಿಗಳಿವೆ. ಗಲ್ಲ, ಹಣೆಯ ಅಂಚು, ಕಿವಿಯ ಮುಂದೆ ಹತ್ತಿಯ ಎಳೆಯಂತೆ ಮೆತ್ತಗೆ, ಗಿಡ್ಡಕ್ಕೆ ಇರುವುದು ನವಿರು. ಇದು ಎಲ್ಲ ಹೆಂಗಸರಿಗೂ ಇದ್ದದ್ದೇ, ಕೆಲವರಿಗೆ ತುಸು ಉದ್ದ, ತುಸು ಕೆಂಚು. ಎರಡನೆಯದು ಐವತ್ತು ದಾಟಿದವರ ಗದ್ದದ ಮೇಲೆ ಒಂಟಿಯಾಗಿ, ಗಟ್ಟಿಯಾಗಿ ಬರುವ ಬಿಳಿ ಕೂದಲು. ಮೂರನೆಯದು ಮೋಸದ್ದು: ವರ್ಷಗಟ್ಟಲೆ ಬ್ಲೀಚ್ ಹಚ್ಚಿ ಹಚ್ಚಿ ತಿಳಿಯಾದ ಕರಿ ಕೂದಲು. ಎರಡು-ಮೂರು ವಾರ ಬ್ಲೀಚ್ ಬಿಟ್ಟು ನೋಡಿದರೆ ಬುಡ ಕಪ್ಪಾಗಿ ಮೇಲೆದ್ದು ಬರುತ್ತದೆ. ಇಂಥವರಿಗೆ ಲೇಸರ್ ಕೆಲಸ ಮಾಡಬಹುದು. ಹಾಗಾಗಿ ಕೆಳಗೆ ಬರೆದ ಲೇಸರ್ ಮಾತು ಇವರಿಗೆ ಅನ್ವಯಿಸುವುದಿಲ್ಲ.

ಯಾಕೆ ಬಂತು

ಬರೀ ನವಿರು ಇದ್ದರೆ ಡಾಕ್ಟರ ಹತ್ತಿರ ಓಡುವ ಕಾರಣವಿಲ್ಲ. ಆದರೆ ಮುಟ್ಟು ತಿಂಗಳುಗಟ್ಟಲೆ ಹಿಂದೆ-ಮುಂದೆ ಆಗುತ್ತಿದೆ, ಗದ್ದ-ಕುತ್ತಿಗೆಗೆ ಗಟ್ಟಿ ಕೂದಲು ಬರುತ್ತಿವೆ, ಮೊಡವೆ ನಿಲ್ಲುತ್ತಿಲ್ಲ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ ಅಂದರೆ ಪಿಸಿಓಎಸ್ (ಅಂಡಾಶಯ-ಹಾರ್ಮೋನಿನ ಏರುಪೇರು) ಇದೆಯೇ ಎಂದು ನೋಡಿಸಲೇಬೇಕು. ಡಾಕ್ಟರು ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಇಂಥ ರಕ್ತ ಪರೀಕ್ಷೆ ಬರೆಯುತ್ತಾರೆ. ಕೂದಲಿಗೆ ಅಂಕ ಕೊಡುವ ಪದ್ಧತಿಯೂ ಇದೆ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬ ಇಬ್ಬರು ರೂಪಿಸಿದ್ದು, ಈಗ ಬಳಕೆಯಲ್ಲಿರುವ ರೂಪದಲ್ಲಿ ಮೈಯ ಒಂಬತ್ತು ಜಾಗಕ್ಕೆ ತಲಾ 0ಯಿಂದ 4 ಅಂಕ. ಅದರಲ್ಲಿ ಎಣಿಸುವುದು ಗಟ್ಟಿ ಕೂದಲನ್ನು ಮಾತ್ರ, ನವಿರು ಲೆಕ್ಕಕ್ಕಿಲ್ಲ. ಕೂದಲು ಕೆಲವೇ ತಿಂಗಳಲ್ಲಿ ದಿಢೀರನೆ ಬಂದು, ದನಿಯೂ ಗಡುಸಾದರೆ ಮಾತ್ರ ತಡ ಮಾಡಬೇಡಿ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನ ಜಿಮ್ಸ್, ಧಾರವಾಡ ಸತ್ತೂರಿನ ಎಸ್‌ಡಿಎಂ, ಈ ಎಲ್ಲ ಆಸ್ಪತ್ರೆಗಳಲ್ಲಿ ಚರ್ಮದ ವಿಭಾಗವಿದೆ, ಹೆಂಗಸರ ವಿಭಾಗವೂ ಇದೆ.

ಇನ್ನೊಂದು ಕಾರಣ ನನ್ನ ಕುರ್ಚಿಯಲ್ಲಿ ಕೂತವರಲ್ಲಿ ಪದೇಪದೇ ಕಾಣುತ್ತದೆ: ಬೆಳ್ಳಗಾಗಲೆಂದು ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಟ್ಯೂಬು. "ಏನ್ ಹಚ್ಚೀಯವಾ?" ಅಂದರೆ "ಏನಿಲ್ರಿ, ಬರೇ ಕ್ರೀಮು" ಅನ್ನುತ್ತಾರೆ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ತಿಂಗಳಾನುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಕಾಣುತ್ತದೆ, ಗಲ್ಲದ ತುಂಬ ನವಿರು ಬೆಳೆಯುತ್ತದೆ. ಇವರಿಗೆ ನಾನು ಥ್ರೆಡಿಂಗೂ ಮಾಡುವುದಿಲ್ಲ, ವ್ಯಾಕ್ಸೂ ಮಾಡುವುದಿಲ್ಲ. ಟ್ಯೂಬನ್ನು ಒಮ್ಮೆಲೇ ಬಿಟ್ಟರೆ ಮುಖ ಉರಿದೇಳುತ್ತದೆ. ಆದ್ದರಿಂದ ಚರ್ಮದ ಡಾಕ್ಟರ ಕೈಯಲ್ಲೇ ಅದನ್ನು ಬಿಡಿಸಿಕೊಳ್ಳಬೇಕು. ತಲೆ ಕೂದಲಿಗೆ ಮಿನಾಕ್ಸಿಡಿಲ್ ಹಚ್ಚುವವರಿಗೂ ಹಣೆ-ಗಲ್ಲದ ಮೇಲೆ ನವಿರು ಏಳಬಹುದು. ಹಚ್ಚಿದ ಕೈ ತೊಳೆಯಿರಿ, ಪೂರ್ತಿ ಒಣಗುವವರೆಗೆ ದಿಂಬಿಗೆ ತಲೆ ಕೊಡಬೇಡಿ.

ಲೇಸರ್ ಯಾಕೆ ಹತ್ತುವುದಿಲ್ಲ

ಬೇಸಿಗೆಯ ಮಧ್ಯಾಹ್ನ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಬರಿಗಾಲಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಪ್ಪು ಬಿಸಿಲನ್ನು ಕುಡಿಯುತ್ತದೆ, ಬಿಳಿ ಕುಡಿಯುವುದಿಲ್ಲ. ಲೇಸರಿನ ಬೆಳಕು ಹುಡುಕುವುದು ಕೂದಲಿನೊಳಗಿನ ಮೆಲನಿನ್ ಎಂಬ ಕಪ್ಪನ್ನು. ಅದು ಬೆಳಕನ್ನು ಹೀರಿ ಕಾದು, ಆ ಕಾವು ಬೇರಿಗೆ ತಟ್ಟಿದಾಗ ಕೂದಲು ಸಾಯುತ್ತದೆ. ಬಿಳಿ, ಗೋಧಿ ಬಣ್ಣ, ತೆಳು ಕೆಂಚಿನಲ್ಲಿ ಹೀರಲಿಕ್ಕೆ ಕಪ್ಪೇ ಇಲ್ಲ. ಅಲೆಕ್ಸಾಂಡ್ರೈಟ್ 755, ಡಯೋಡ್ 810, ಎನ್‌ಡಿ ಯಾಗ್ 1064 ನ್ಯಾನೋಮೀಟರ್ ಎಂದು ಮಷೀನಿನ ಹೆಸರು ಬದಲಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಅದಕ್ಕಿಂತ ಕೆಟ್ಟದ್ದೆಂದರೆ, ನಮ್ಮ ಗೋಧಿ-ಎಣ್ಣೆಗೆಂಪು ಮೈಬಣ್ಣದಲ್ಲಿ ಈ ಮೆಲನಿನ್ ತಿಳಿ ಕೂದಲಿಗಿಂತ ಚರ್ಮದಲ್ಲೇ ಹೆಚ್ಚಿರುತ್ತದೆ. ತಿಳಿ ಕೂದಲನ್ನು ಹಿಡಿಯಲು ಮಷೀನಿನ ಜೋರು ಏರಿಸಿದರೆ ಸುಡುವುದು ಗಲ್ಲ. ಜೊತೆಗೆ ಮುಖ-ಕುತ್ತಿಗೆಯ ನವಿರಿಗೆ ಲೇಸರ್ ಹಾಕಿದಾಗ ಕೆಲವರಿಗೆ ಅದೇ ನವಿರು ಗಟ್ಟಿಯಾಗಿ, ಕಪ್ಪಾಗಿ ತಿರುಗುವುದುಂಟು. ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮವಿದು, ಹಾರ್ಮೋನ್ ತೊಂದರೆ ಇದ್ದವರಲ್ಲಿ ಹೆಚ್ಚು. ಇಲ್ಲದ ರೋಗವನ್ನು ದುಡ್ಡು ಕೊಟ್ಟು ತಂದುಕೊಂಡಂತೆ.

ಮನೆಯಲ್ಲೇ ರೇಜರ್: ಹೆಜ್ಜೆ ಹೆಜ್ಜೆಯಾಗಿ

"ಅಯ್ಯ, ಬ್ಲೇಡ್ ಹಚ್ಚಿದ್ರ ಗಡ್ಡ ಬರತೈತಿ!" ಈ ಹೆದರಿಕೆಯನ್ನು ಮೊದಲು ಕಳೆಯಬೇಕು. 1928ರಲ್ಲೇ ಅಮೆರಿಕದ ಶರೀರರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಗಂಡಸರು ಬೋಳಿಸಿದ ಗಡ್ಡವನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗ ಬೆಳೆಯುವುದೂ ಇಲ್ಲ ಎಂದು ತೋರಿಸಿದರು. ನವಿರಿನ ತುದಿ ಸಹಜವಾಗಿ ಚೂಪಾಗಿರುತ್ತದೆ. ಕತ್ತರಿಸಿದ ಮೇಲೆ ಮೊಂಡಾಗಿ ಕೈಗೆ ಹತ್ತುತ್ತದೆ, ದಪ್ಪವಾಯಿತು ಅನ್ನಿಸುವುದು ಅದಕ್ಕೇ. ಇಡೀ ಗಲ್ಲದ ನವಿರಿಗೆ ನನ್ನ ಮೊದಲ ಆಯ್ಕೆ ರೇಜರೇ. ಪಾರ್ಲರ್ ಇಟ್ಟುಕೊಂಡು ಹೀಗೆ ಹೇಳುವುದು ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡಂತೆ, ಇರಲಿ.

ಮುಖಕ್ಕೆಂದೇ ಕಡ್ಡಿಯಂಥ ರೇಜರ್ ಬರುತ್ತದೆ, ಒಂದೇ ಬ್ಲೇಡು, ಬಾಯಿಗೆ ಸಣ್ಣ ಹಲ್ಲಿನ ಕಾವಲು. ಹುಬ್ಬಳ್ಳಿಯ ದುರ್ಗದ ಬೈಲಿನ ಫ್ಯಾನ್ಸಿ ಅಂಗಡಿಗಳಲ್ಲಿ ಕೇಳಿ. ಯಜಮಾನರ ಮೂರು ಬ್ಲೇಡಿನದು ಬೇಡ.

ರಾತ್ರಿ, ಅಡಿಗೆ ಮುಗಿದ ಮೇಲೆ ಮಾಡಿ. ಮುಖ ತೊಳೆದು ಪೂರ್ತಿ ಒರೆಸಿಕೊಳ್ಳಿ. ಚರ್ಮ ಬಿರುಸಾಗಿದ್ದರೆ ಲೋಳಸರದ ಜೆಲ್ ತೆಳ್ಳಗೆ ಸವರಿ. ಎಡಗೈಯ ಎರಡು ಬೆರಳನ್ನು ಕಿವಿಯ ಮುಂದೆ ಇಟ್ಟು ಚರ್ಮವನ್ನು ಮೇಲಕ್ಕೆ ಬಿಗಿಯಾಗಿ ಎಳೆಯಿರಿ. ರೇಜರನ್ನು ಸುಮಾರು 45 ಡಿಗ್ರಿ ಓರೆಗೆ ಹಿಡಿದು, ಕೂದಲು ಮಲಗಿದ ದಿಕ್ಕಿಗೇ, ಅಂದರೆ ಮೇಲಿಂದ ಕೆಳಕ್ಕೆ, ಅರ್ಧ ಇಂಚಿನಷ್ಟೇ ಎಳೆಯುತ್ತ ಬನ್ನಿ. ಒತ್ತಬೇಡಿ. ಸರಿಯಾಗಿ ಹಿಡಿದಿದ್ದರೆ ರೊಟ್ಟಿಯ ಮೇಲಿನ ಒಣ ಹಿಟ್ಟನ್ನು ಉಗುರಿನಿಂದ ಕೆರೆದಂಥ ಸಣ್ಣ ಸಪ್ಪಳ ಕೇಳುತ್ತದೆ. ಎರಡು ಸಲ ಎಳೆದ ಮೇಲೆ ಬ್ಲೇಡನ್ನು ಒದ್ದೆ ಹತ್ತಿಗೆ ಒರೆಸಿ. ಬೂದು ಬಣ್ಣದ ಹೊಟ್ಟಿನಂಥದ್ದು ಬರುತ್ತದೆ, ಕೂದಲಿನ ಜೊತೆ ಸತ್ತ ಚರ್ಮ ಅದು. ಒಂದೇ ಜಾಗಕ್ಕೆ ಎರಡಕ್ಕಿಂತ ಹೆಚ್ಚು ಸಲ ಹೋಗಬೇಡಿ.

ಮೇಲ್ತುಟಿಗೆ ನಾಲಿಗೆಯನ್ನು ಒಳಗಿಂದ ಒತ್ತಿ ಹಿಡಿದರೆ ಚರ್ಮ ತಾನೇ ಬಿಗಿಯಾಗುತ್ತದೆ. ಕಿವಿಯ ಮುಂದಿನ ಕೂದಲನ್ನು ಗೆರೆ ಕೊರೆದ ಹಾಗೆ ಒಮ್ಮೆಲೇ ನಿಲ್ಲಿಸಬೇಡಿ, ಹಗುರಾಗುತ್ತ ಹೋಗಿ ಬಿಡಿ. ಇಲ್ಲವಾದರೆ ಸ್ಕೂಟಿ ಮೇಲೆ ಕೂದಲು ಹಾರಿದಾಗ ಗೆರೆ ಎದ್ದು ಕಾಣುತ್ತದೆ. ಮೊಡವೆ, ತುಟಿಯ ಸರ್ಪಸುತ್ತಿನಂಥ ಗುಳ್ಳೆ, ಉಬ್ಬಿದ ಮಚ್ಚೆ ಇದ್ದರೆ ಅದನ್ನು ಸುತ್ತಿ ಹೋಗಿ. ಮುಗಿದ ಮೇಲೆ ತಣ್ಣೀರು, ಸಾದಾ ಮಾಯಿಶ್ಚರೈಸರ್. ಆ ರಾತ್ರಿ ರೆಟಿನಾಲ್, ವಿಟಮಿನ್ ಸಿ, ನಿಂಬೆಹಣ್ಣು ಯಾವುದೂ ಬೇಡ.

ಬ್ಲೇಡನ್ನು ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿಡಿ, ಮೂರು-ನಾಲ್ಕು ಸಲಕ್ಕೆ ಒಗೆಯಿರಿ. ಅಕ್ಕ-ತಂಗಿಯರೇ ಆದರೂ ಒಂದೇ ಬ್ಲೇಡು ಬೇಡ. ಹೆಪಟೈಟಿಸ್ ಬಿ, ಸಿ ಹರಡುವುದಕ್ಕೆ ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ವಾರದೊಳಗೆ ತುಸು ಕೈಗೆ ಚುಚ್ಚಿದಂತಾಗುತ್ತದೆ, ತಿಂಗಳಿಗೆ ಒಂದೆರಡು ಸಲ ಮಾಡಿದರೆ ನಡೆಯುತ್ತದೆ.

ಥ್ರೆಡಿಂಗ್, ವ್ಯಾಕ್ಸ್, ಕ್ರೀಮು, ಬ್ಲೀಚು

ಮೇಲ್ತುಟಿಗೆ, ಗದ್ದಕ್ಕೆ ಥ್ರೆಡಿಂಗ್ ಒಳ್ಳೆಯದು, ಬುಡದಿಂದ ಕೀಳುವುದರಿಂದ ಎರಡು-ಮೂರು ವಾರ ನಿಶ್ಚಿಂತೆ. ಇಡೀ ಗಲ್ಲಕ್ಕೆ ಮಾಡಿಸಬೇಡಿ. ನವಿರು ಎಷ್ಟು ತೆಳು ಅಂದರೆ ದಾರಕ್ಕೆ ಸಿಕ್ಕು ಅರ್ಧಕ್ಕೇ ತುಂಡಾಗುತ್ತದೆ, ಒಳಗೇ ಸುತ್ತಿಕೊಂಡು ಗುಳ್ಳೆಯಾಗುತ್ತದೆ, ಗುಳ್ಳೆ ಮಾಗಿ ಕರಿ ಕಲೆ ಉಳಿಯುತ್ತದೆ. ನವಿರು ತಿಂಗಳಲ್ಲಿ ಮತ್ತೆ ಬರುತ್ತದೆ, ಕಲೆ ಹೋಗಲಿಕ್ಕೆ ಆರು ತಿಂಗಳು ಬೇಕು.

ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಪದ್ಧತಿಯಲ್ಲೇ ನಾನೂ ಕಲಿತದ್ದು, ಈಗ ಕುತ್ತಿಗೆಗೆ ಕಟ್ಟಿಕೊಳ್ಳುತ್ತೇನೆ. ಪ್ರತಿಯೊಬ್ಬರಿಗೂ ರೀಲಿನಿಂದ ಹೊಸ ದಾರ ಎಳೆಯುತ್ತಾರೆಯೇ ನೋಡಿ, ಎಳೆಯದಿದ್ದರೆ ಬಾಯಿಬಿಟ್ಟು ಕೇಳಿ. ದಾರದಿಂದ ಮುಖಕ್ಕೆ ಚಪ್ಪಟೆ ನರುಳ್ಳೆ (ನರಹುಲಿ) ಹರಡುವುದನ್ನು ಕಣ್ಣಾರೆ ನೋಡಿದ್ದೇನೆ: ಗದ್ದದ ಮೇಲೆ ಎರಡಿದ್ದದ್ದು, ದಾರ ಹೋದ ದಾರಿಯಲ್ಲೇ ಸಾಲಾಗಿ ಹನ್ನೆರಡಾಗಿತ್ತು.

ವ್ಯಾಕ್ಸಿನ ಬಗ್ಗೆ ಒಂದೇ ಎಚ್ಚರಿಕೆ. ರೆಟಿನಾಲ್, ಟ್ರೆಟಿನಾಯಿನ್, ಅಡಾಪಲೀನ್ ಇರುವ ಕ್ರೀಮು ಹಚ್ಚುತ್ತಿದ್ದರೆ, ಅಥವಾ ಮೊಡವೆಗೆ ಐಸೋಟ್ರೆಟಿನಾಯಿನ್ ಗುಳಿಗೆ ನುಂಗುತ್ತಿದ್ದರೆ ವ್ಯಾಕ್ಸಿನ ಜೊತೆ ಚರ್ಮದ ಪದರವೇ ಎದ್ದು ಬರುತ್ತದೆ. ಗುಳಿಗೆ ನಿಲ್ಲಿಸಿ ಆರು ತಿಂಗಳು ಕಳೆಯುವವರೆಗೆ ಮುಖಕ್ಕೆ ವ್ಯಾಕ್ಸ್ ಬೇಡ. ಪಾರ್ಲರಿನವರು ಕೇಳದಿದ್ದರೂ ನೀವಾಗಿಯೇ ಹೇಳಿ.

ಕೂದಲು ಕರಗಿಸುವ ಕ್ರೀಮಿನಲ್ಲಿ ಇರುವುದು ಥಯೋಗ್ಲೈಕೋಲೇಟ್. ಕೈಕಾಲಿನದನ್ನು ಮುಖಕ್ಕೆ ಹಚ್ಚಬೇಡಿ. ಮುಖದ್ದನ್ನೂ ದವಡೆಯ ಕೆಳಗೆ ಕಾಸಗಲ ಹಚ್ಚಿ ಒಂದು ದಿನ ಕಾದು ನೋಡಿ. ಡಬ್ಬಿಯ ಮೇಲಿನ ನಿಮಿಷವನ್ನು ಗಡಿಯಾರ ನೋಡಿ ಪಾಲಿಸಿ. ಬ್ಲೀಚು ಕರಿ ಕೂದಲನ್ನು ತಿಳಿ ಮಾಡುವ ಕೆಲಸಕ್ಕೆ, ಮೊದಲೇ ತಿಳಿ ಇರುವವರಿಗೆ ಅದರ ಹಂಗಿಲ್ಲ.

ಕಡ್ಲಿಹಿಟ್ಟು, ಕಸ್ತೂರಿ ಅರಿಷಿಣ, ಕೆನೆ? ಕೂಸಿಗೆ ಹಿಟ್ಟಿನ ಮುದ್ದೆ ಉರುಳಿಸುತ್ತಿದ್ದ ಅಜ್ಜಿಯ ಮೇಲೆ ನನಗೂ ಪ್ರೀತಿಯಿದೆ. ತಿಕ್ಕುವಾಗ ನಾಲ್ಕು ಸಡಿಲ ಕೂದಲು ಬರುತ್ತವೆ, ಬೇರಿಗೆ ಏನೂ ಆಗುವುದಿಲ್ಲ. ಜೋರಾಗಿ ತಿಕ್ಕಿದರೆ ಗಲ್ಲ ಕಪ್ಪಾಗುತ್ತದೆ, ಅಷ್ಟೇ ಲಾಭ.

ಎಫ್ಲಾರ್ನಿಥಿನ್ 13.9 ಶೇಕಡಾ ಅನ್ನುವ ಕ್ರೀಮನ್ನು ಕೆಲವರಿಗೆ ಡಾಕ್ಟರು ಬರೆಯುತ್ತಾರೆ. ಅದು ಕೂದಲನ್ನು ತೆಗೆಯುವುದಿಲ್ಲ, ಬೆಳೆಯುವ ವೇಗ ತಗ್ಗಿಸುತ್ತದೆ. ದಿನಕ್ಕೆರಡು ಸಲ ಹಚ್ಚಿದರೆ ಒಂದೆರಡು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಬಿಟ್ಟ ಎರಡು ತಿಂಗಳಿಗೆ ಮೊದಲಿನಂತೆ. ಬಣ್ಣದ ಹಂಗಿಲ್ಲದೆ ಕೆಲಸ ಮಾಡುವುದರಿಂದ ತಿಳಿ ಕೂದಲಿನವರು ಕೇಳಿ ನೋಡಬಹುದು. ಬಸಿರಿಯರಿಗೆ ಬೇಡ.

ಕಾಯಂ ಹೋಗಬೇಕೆಂದರೆ

ತಿಳಿ ಕೂದಲಿಗೆ ಕಾಯಂ ದಾರಿ ಒಂದೇ, ಎಲೆಕ್ಟ್ರಾಲಿಸಿಸ್. ಇದು ಹೊಸದೇನಲ್ಲ. 1875ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಶೆಲ್ ಕಣ್ಣಿಗೆ ಚುಚ್ಚುವ ರೆಪ್ಪೆಗೂದಲು ತೆಗೆಯಲು ಇದನ್ನು ಬಳಸಿ ವರದಿ ಮಾಡಿದರು. ಕೂದಲು ಹೊರಬರುವ ತೂತಿನಲ್ಲೇ ಎಳೆಯಷ್ಟು ಸಣ್ಣ ಸೂಜಿ ಇಳಿಸಿ ಕರೆಂಟು ಬಿಡುತ್ತಾರೆ. ಒಂದು ವಿಧಾನದಲ್ಲಿ ಕರೆಂಟು ಒಳಗಿನ ಉಪ್ಪು-ನೀರನ್ನೇ ಕಾಸ್ಟಿಕ್ ಸೋಡಾ ಮಾಡಿ ಬೇರನ್ನು ಕರಗಿಸುತ್ತದೆ, ಇನ್ನೊಂದರಲ್ಲಿ ಕಾವು ಸುಡುತ್ತದೆ, ಮೂರನೆಯದು ಎರಡೂ ಬೆರೆತದ್ದು. ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಔಷಧ, ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಲೇಸರಿಗೆ 'ಕೂದಲನ್ನು ಕಾಯಂ ಕಡಿಮೆ ಮಾಡುವುದು' ಅನ್ನುವ ಮಾತನ್ನಷ್ಟೇ ಒಪ್ಪಿದೆ, 'ಕಾಯಂ ತೆಗೆಯುವುದು' ಅನ್ನುವುದನ್ನು ಎಲೆಕ್ಟ್ರಾಲಿಸಿಸಿಗೆ ಕೊಟ್ಟಿದೆ.

ಆದರೆ ಒಂದೊಂದೇ ಕೂದಲು. ಗದ್ದದ ಮೇಲೆ ಇಪ್ಪತ್ತು-ಮೂವತ್ತು ಗಟ್ಟಿ ಕೂದಲು ಇದ್ದವರಿಗೆ ಹೇಳಿ ಮಾಡಿಸಿದ್ದು. ಇಡೀ ಗಲ್ಲದ ನವಿರಿಗೆ ಕೇಳಿದರೆ ಬೇಡ ಅನ್ನುತ್ತೇನೆ, ಸಾವಿರ ಸೂಜಿ, ಸಾವಿರ ಸಣ್ಣ ಗಾಯ. ಎಲ್ಲ ಕೂದಲೂ ಒಂದೇ ಹೊತ್ತಿಗೆ ಬೆಳೆಯುವ ಹಂತದಲ್ಲಿ ಇರುವುದಿಲ್ಲವಾದ್ದರಿಂದ ವಾರಕ್ಕೋ ಎರಡು ವಾರಕ್ಕೋ ಒಂದು ಸಲದಂತೆ ವರ್ಷದ ಮೇಲೂ ಓಡಾಡಬೇಕಾಗಬಹುದು.

ನಮ್ಮ ಕಡೆ ಲೇಸರ್ ಬೋರ್ಡು ಓಣಿಗೊಂದು, ಎಲೆಕ್ಟ್ರಾಲಿಸಿಸ್ ಬಲ್ಲವರು ಕಡಿಮೆ. ಸಿಕ್ಕರೆ ಇಷ್ಟು ಕೇಳಿ: ಸೂಜಿ ನನಗೆಂದೇ ಹೊಸದು ಬಿಚ್ಚುತ್ತೀರಾ? ಮೊದಲ ದಿನ ದವಡೆಯ ಕೆಳಗೆ ಹತ್ತು ಕೂದಲಿಗಷ್ಟೇ ಮಾಡಿ ಎರಡು ವಾರ ಬಿಟ್ಟು ನೋಡೋಣವಾ? ಎರಡನೇ ಪ್ರಶ್ನೆಗೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಸೂಜಿ ಸರಿಯಾಗಿ ಇಳಿದಿದ್ದರೆ ಕೂದಲು ಬೆಣ್ಣೆಯಿಂದ ಎಳೆದಂತೆ ಜಾರಿ ಬರುತ್ತದೆ. ಪ್ರತಿ ಕೂದಲಿಗೂ ಚುರ್ ಅಂತ ಕಿತ್ತ ನೋವಾದರೆ ಅವರು ಬರೀ ಕೀಳುತ್ತಿದ್ದಾರೆ. ಹೋಗುವ ಮುಂಚಿನ ವಾರಗಳಲ್ಲಿ ಕೀಳಬೇಡಿ, ಕತ್ತರಿಸಬಹುದು. ಗಾಯ ಉಬ್ಬಿ ಗಂಟಾಗುವ ಮೈಯವರು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಬಸಿರಿಯರು ಡಾಕ್ಟರನ್ನು ಕೇಳದೆ ಹೋಗಬಾರದು.

ಮದುಮಗಳ ಲೆಕ್ಕ, ಮತ್ತು ಧೂಳು

ಲಗ್ನದ ಹಿಂದಿನ ದಿನ ಮೊದಲ ಸಲ ಯಾವ ಪ್ರಯೋಗವೂ ಬೇಡ. ರೇಜರೋ ವ್ಯಾಕ್ಸೋ, ತಿಂಗಳು ಮೊದಲೇ ಒಂದು ಸಲ ಮಾಡಿ ಚರ್ಮ ಏನನ್ನುತ್ತದೆ ನೋಡಿ. ಆಮೇಲೆ ಅರಿಷಿಣ ಹಚ್ಚುವ ಶಾಸ್ತ್ರಕ್ಕೆ ಮೂರು ದಿನ ಮೊದಲು ಕೊನೆಯ ಸಲ. ಅದೇ ದಿನ ಮಾಡಿದರೆ ಅರಿಷಿಣ ಉರಿಯುತ್ತದೆ. ಏನೂ ಮಾಡದೆ ಬಿಟ್ಟರೆ ಇನ್ನೊಂದು ಫಜೀತಿ: ತಿಳಿ ಕೂದಲು ಅರಿಷಿಣದ ಬಣ್ಣ ಹೀರಿಕೊಂಡು, ಇಷ್ಟು ದಿನ ಯಾರಿಗೂ ಕಾಣದಿದ್ದ ನವಿರು ಫೋಟೋದಲ್ಲಿ ಹಳದಿಯಾಗಿ ನಿಲ್ಲುತ್ತದೆ.

ತೆಗೆದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಎರಡು ನಿಮಿಷ. ಹಬೆ ಬೇಡ, ಬೆವರು ಬೇಡ. ಜೋಳದ ರೊಟ್ಟಿ ಬಡಿಯುವವರು ಆ ಒಂದು ಹೊತ್ತು ಬೇರೆಯವರಿಗೆ ಒಲೆ ಬಿಡಿ. ಹಂಚಿನ ಕಾವು ನೇರ ಗಲ್ಲಕ್ಕೇ ಬಡಿಯುತ್ತದೆ, ಮರುದಿನ ಗುಳ್ಳೆ ಎದ್ದವರು ಬಂದು ನನ್ನನ್ನು ಬಯ್ಯುತ್ತಾರೆ. ಇನ್ನು ನಮ್ಮ ಹುಬ್ಬಳ್ಳಿಯ ಧೂಳು. ಥ್ರೆಡಿಂಗ್ ಮಾಡಿಸಿಕೊಂಡು ಸ್ಕೂಟಿ ಹತ್ತಿ ಹೋಗುವವರು ಓಢಣಿಯನ್ನು ಮುಖಕ್ಕೆ ಕಟ್ಟಿಕೊಳ್ಳಿ, ಆದರೆ ಅದು ಒಗೆದದ್ದಾಗಿರಲಿ. ಹುಬ್ಬಳ್ಳಿ-ಧಾರವಾಡದ ಎಸಿ ಬಸ್ಸು ಚಿಗರಿಯಲ್ಲಿ ಹೋದರೆ ಇನ್ನೂ ಒಳ್ಳೆಯದು. ಒಂದು ವಾರ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ತಪ್ಪಿಸಬೇಡಿ, ಕಲೆ ಉಳಿಯುವುದು ಬಿಸಿಲಿನಿಂದ. ಕೀವು ತುಂಬಿದ ಗುಳ್ಳೆ ಎದ್ದರೆ ಹಿಚುಕದೆ ಡಾಕ್ಟರಿಗೆ ತೋರಿಸಿ.

ಮೌಶಿಯ ಎರಡು ಬಿಳಿ ಕೂದಲು

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಗಂಡು ಹಾರ್ಮೋನಿನ ಪಾಲು ಮೇಲಾಗುತ್ತದೆ, ಗದ್ದದ ಮೇಲೆ ತಂತಿಯಂಥ ಬಿಳಿ ಕೂದಲು ಏಳುತ್ತದೆ. ನಮ್ಮ ಮೌಶಿಗೆ ಅರವತ್ತೆಂಟು, ಆಕೆಗಿರುವುದು ಎರಡೇ. ಜಪಕ್ಕೆ ಕೂತಾಗ ಕೈ ಅಲ್ಲಿಗೇ ಹೋಗುತ್ತದೆ. "ಕೈಗೆ ಹತ್ತತೈತಿ, ಕಣ್ಣಿಗೆ ಹತ್ತವಲ್ದು ನೋಡವಾ" ಅನ್ನುತ್ತ ಧಾರವಾಡದಿಂದ ನನ್ನ ಹತ್ತಿರ ಬರುತ್ತಾಳೆ.

ಇಂಥ ನಾಲ್ಕಾರು ಕೂದಲಿಗೆ ಓರೆ ತುದಿಯ ಚಿಮಟಿಗೆ, ದೊಡ್ಡದಾಗಿ ತೋರಿಸುವ ಕನ್ನಡಿ ಸಾಕು. ಹಿಂದೆ ಕಪ್ಪು ಸೆರಗು ಹಿಡಿದರೆ ಬಿಳಿ ಕೂದಲು ಸಿಗುತ್ತದೆ. ಬುಡದಲ್ಲಿ ಹಿಡಿದು, ಬೆಳೆದ ದಿಕ್ಕಿಗೇ ಒಂದೇ ಸಲ ಎಳೆಯಬೇಕು. ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು ಕೀಳುವ ಬದಲು ಸಣ್ಣ ಕತ್ತರಿಯಿಂದ ಚರ್ಮದ ಸಮಕ್ಕೆ ಕತ್ತರಿಸಿಕೊಳ್ಳುವುದು ಒಳ್ಳೆಯದು. ಮೌಶಿಗೆ ಎರಡೂ ಇಲ್ಲ. ಚಿಮಟಿಗೆ, ಕನ್ನಡಿ ಎರಡನ್ನೂ ಕೊಟ್ಟು ಕಳಿಸಿದ್ದೆ. ಮುಂದಿನ ತಿಂಗಳು ಮತ್ತೆ ಬಂದಳು, ಗದ್ದ ಮುಂದೆ ಚಾಚಿ ಕಿಟಕಿ ಹತ್ತಿರ ಕೂತಳು. "ಕನ್ನಡಿ ಎಲ್ಲಿ ಮೌಶಿ?" ಅಂದೆ. "ಐತೆಳು ಮನ್ಯಾಗ. ನೀ ತೆಗದ್ರ ಚಹಾನೂ ಸಿಗತೈತಿ."